ಆ ಮುಕ್ಕಾಲು ಗಂಟೆ

ಸಂಜೆ ಐದಾಗುತ್ತಿದ್ದಂತೆ ಕೊಟ್ಟಿಗೆಯಲ್ಲಿ ಹಸುಗಳು ಕೂಗತೊಡಗಿದವು. ಮೊದಲು ಕಪ್ಪು ಬಿಳುಪಿನ ಎಚ್‌ಎಫ್, ಆಮೇಲೆ ಅದರ ಪಕ್ಕದ್ದು, ಕೊನೆಗೆ ನಾಟಿ ಹಸು. ಅಂಗಳದ ಶಾಮಿಯಾನದ ಕೆಳಗೆ ಕೂತಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಣ್ಣು ಮಾಡಿ ಬಂದು ಒಂದು ಗಂಟೆಯಾಗಿತ್ತು ಅಷ್ಟೆ. ತೆಂಗಿನ ಮರದ ಪಕ್ಕ ತೋಡಿದ ಗುಣಿಯ ಹಸಿಮಣ್ಣು, ಸ್ನಾನ ಮಾಡಿದ ಮೇಲೂ, ಉಗುರಿನ ಸಂದಿಯಲ್ಲಿ ಉಳಿದಿತ್ತು. ಹಗಲೆಲ್ಲ ನೂರಾರು ಜನ ಬಂದು ಹೋದ ಮನೆಯಲ್ಲಿ ಹಾಲು ಕರೆಯಬೇಕು ಅನ್ನುವುದು ಒಬ್ಬರಿಗೂ ಹೊಳೆದಿರಲಿಲ್ಲ. ಬೆಳಗಿನದೂ ಕರೆದಿರಲಿಲ್ಲ. ಕೆಚ್ಚಲುಗಳು ಬಿಗಿದು ಕಲ್ಲಾಗಿದ್ದವು.

ದಿನವೂ ಕರೆಯುತ್ತಿದ್ದವನು ಅಣ್ಣ. ನನ್ನ ದೊಡ್ಡಪ್ಪನ ಮಗ. ಮಂಡ್ಯ ಜಿಲ್ಲೆಯ, ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿಯುವ ಒಂದು ಊರಿನಲ್ಲಿ ಕಬ್ಬು, ಭತ್ತ, ಮೂರು ಹಸು, ಜೊತೆಗೆ ಹಾಲಿನ ಡೇರಿಯ ಸೆಕ್ರೆಟರಿ ಕೆಲಸ. ವಯಸ್ಸು 43.

ಪಕ್ಕದ ಮನೆಯ ಹುಡುಗಿ ಎದ್ದು ಚೊಂಬು ತೊಳೆದುಕೊಂಡು ಕೊಟ್ಟಿಗೆಗೆ ಹೋದಳು. ಸೀಮೆ ಹಸುಗಳೆರಡೂ ಕರೆಸಿಕೊಂಡವು. ನಾಟಿ ಹಸು ಮಾತ್ರ ಒದ್ದಿತು, ಹಾಲು ಬಿಡಲಿಲ್ಲ. ಬೆಳಗಿನಿಂದ ಕಂಬಕ್ಕೆ ಒರಗಿ, ಒಂದು ಹನಿ ಕಣ್ಣೀರೂ ಇಲ್ಲದೆ ಕೂತಿದ್ದ ದೊಡ್ಡವ್ವ ಆಗ ಎದ್ದಳು. ಕೊಟ್ಟಿಗೆಯ ಮೊಳೆಗೆ ನೇತುಹಾಕಿದ್ದ ಮಗನ ಹಳೇ ಅಂಗಿಯನ್ನು ತೆಗೆದು ಆ ಹುಡುಗಿಯ ಕೈಗೆ ಕೊಟ್ಟಳು. "ಇದ ಹಾಕ್ಕಳವ್ವ" ಅಂದಳು. ಹುಡುಗಿ ಚೂಡಿದಾರದ ಮೇಲೆ ಆ ಅಂಗಿ ತೊಟ್ಟು ಕೂತಳು. ಹಸು ತಿರುಗಿ ಮೂಸಿತು, ನಿಂತುಕೊಂಡಿತು, ಹಾಲು ಬಿಟ್ಟಿತು.

ಶಾಮಿಯಾನದಲ್ಲಿದ್ದ ಗಂಡಸರು ಆ ದಿನ ನಿಜವಾಗಿ ಅತ್ತದ್ದು ಆಗ.

ನಡೆದದ್ದು ಇಷ್ಟು. 2025ರ ಜನವರಿ, ಸಂಕ್ರಾಂತಿ ಕಳೆದ ಮೂರನೇ ದಿನ. ಬೆಳಗಿನ ಐದಕ್ಕೆ ಹತ್ತು ನಿಮಿಷ ಇರುವಾಗ ಅಣ್ಣ ಎದೆ ಉರಿ ಅಂತ ಎದ್ದು ಕೂತ. ಹಿಂದಿನ ರಾತ್ರಿ ಅವರೆಕಾಳು ಸಾರಿನಲ್ಲಿ ಮುದ್ದೆ ಉಂಡಿದ್ದ. ಗ್ಯಾಸ್ಟ್ರಿಕ್ಕು ಅಂದುಕೊಂಡ. ಅತ್ತಿಗೆ ಅಂಗಡಿಯವರನ್ನು ಎಬ್ಬಿಸಿ ಸೋಡಾ ತಂದು, ನಿಂಬೆಹಣ್ಣು ಹಿಂಡಿ ಕೊಟ್ಟರು. ಒಂದು ತೇಗು ಬಂತು. "ಗ್ಯಾಸೇ ಕಣೇಳು, ವಸಿ ಮನೀಕೊ, ಹಸ ನಾವ್ ನೋಡ್ಕತೀವಿ" ಅಂತ ದೊಡ್ಡವ್ವ ಹೊದಿಕೆ ಹೊದಿಸಿದಳು. ಐದೂ ಮೂವತ್ತೈದಕ್ಕೆ ಎದ್ದು ಕೂರಲು ಹೋದವನು ಹಾಗೇ ಗೋಡೆಗೆ ವಾಲಿದ. ಓಮ್ನಿ ಹುಡುಕಿ ಆಸ್ಪತ್ರೆ ಮುಟ್ಟುವಾಗ ಆರೂ ಕಾಲು. "ಬರೋ ದಾರೀಲೇ ಹೋಗಿದೆ" ಅಂದರು.

ಹೃದಯಾಘಾತದ ನೋವು ಹೊಟ್ಟೆಯ ಮೇಲ್ಭಾಗದ ಉರಿಯ ಹಾಗೆ ಕಾಣಿಸಿಕೊಳ್ಳಬಲ್ಲದು, ತೇಗು ಬಂದರೆ ಕ್ಷಣಹೊತ್ತು ಹಗುರವೂ ಆಗಬಲ್ಲದು. ಗ್ಯಾಸೋ ಹೃದಯವೋ ಅಂತ ಮನೆಯಲ್ಲಿ ಕೂತು ಹೇಳಲು ಯಾರಿಂದಲೂ ಆಗುವುದಿಲ್ಲ, ಒಂದು ಇಸಿಜಿ ಬೇಕು. ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ನು ಮೊದಲ ಒಂದೆರಡು ಗಂಟೆಯೊಳಗೆ ಸಿಕ್ಕರೆ ಉಳಿಯುವ ಅವಕಾಶ ಹೆಚ್ಚು ಎಂಬ ಕಾರಣಕ್ಕೇ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆ ಬಂದದ್ದು. ಅಪ್ಪು ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ. ಅಣ್ಣನ ಡೇರಿಯ ಗೋಡೆಯ ಮೇಲೆ ಹಾಲಿನ ದರಪಟ್ಟಿಯ ಪಕ್ಕ ಇದ್ದದ್ದು ಅಪ್ಪು ಫೋಟೊ. ಅವತ್ತು ಊರಿಗೆ ಊರೇ ಅತ್ತಿತ್ತು, ಅಣ್ಣ ಡೇರಿಯ ಮುಂದೆ ಅನ್ನಸಂತರ್ಪಣೆ ಮಾಡಿಸಿದ್ದ. ಕಂಡು ಮಾತಾಡಿಸದ ನಟನಿಗಾಗಿ ಅಷ್ಟು ಸಲೀಸಾಗಿ ಅತ್ತ ಜನಕ್ಕೆ, ದಿನಕ್ಕೆರಡು ಸಲ ಮುಖ ನೋಡುತ್ತಿದ್ದವನ ಮನೆಯ ಬಾಗಿಲಲ್ಲಿ ನಿಂತಾಗ ಏನು ಹೇಳಬೇಕು ಅಂತ ತೋಚಲಿಲ್ಲ. "ಹೆಂಗಾಯ್ತು?" ಅಂತ ಕೇಳಿದರು. ಎಲ್ಲರೂ ಅದನ್ನೇ ಕೇಳಿದರು. ಅತ್ತಿಗೆ ಮೊದಲ ದಿನ ಒಂದು ನಲವತ್ತು ಸಲವಾದರೂ ಆ ಮುಕ್ಕಾಲು ಗಂಟೆಯ ಕಥೆ ಹೇಳಿರಬೇಕು. ಪ್ರತಿ ಸಲ ಸೋಡಾ ವಿಷಯಕ್ಕೆ ಬಂದಾಗ ಕೇಳುತ್ತಿದ್ದವರ ಹುಬ್ಬು ಒಂದು ಗೆರೆಯಷ್ಟು ಮೇಲೇರುತ್ತಿತ್ತು. ಅವರು ಬೇಕಂತ ಮಾಡಿದ್ದಲ್ಲ. ಆದರೆ ಅತ್ತಿಗೆ ಅದನ್ನು ನೋಡುತ್ತಿದ್ದರು. ಮೂರನೇ ದಿನ ಹಾಲುತುಪ್ಪ ಬಿಡುವ ಹೊತ್ತಿಗೆ ಕಥೆಯಿಂದ ಸೋಡಾ ಮಾಯವಾಗಿತ್ತು.

ನಮ್ಮ ಸೀಮೆಯ ಸಾವಿನ ಮನೆ ಎಂದರೆ ಹೊರಗಿನವರಿಗೆ ‘ತಿಥಿ’ ಸಿನಿಮಾ ನೆನಪಾಗುತ್ತದೆ. 2015ರ ಆ ಚಿತ್ರ ಇದೇ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಊರಿನವರನ್ನೇ ಪಾತ್ರ ಮಾಡಿ ತೆಗೆದದ್ದು. 101 ವರ್ಷದ ಅಜ್ಜ ಸತ್ತು ಹನ್ನೊಂದನೇ ದಿನದ ತಿಥಿಯವರೆಗೆ ನಡೆಯುವ ಕಥೆ. ಅಲ್ಲಿ ನಗುವುದಕ್ಕೆ ಜಾಗವಿದೆ, ಏಕೆಂದರೆ ಅದು ತುಂಬಿದ ಸಾವು. ತುಂಬಿದ ಸಾವಿಗೆ ಊರಿನಲ್ಲಿ ಎಲ್ಲ ಸಿದ್ಧವಿರುತ್ತದೆ: ತಮಟೆ, ಹೂವಿನ ಚಟ್ಟ, ಹಾಡಿಕೊಂಡು ಅಳುವ ಮುದುಕಿಯರು, ಸತ್ತವರ ತುಂಟತನ ನೆನೆದು ನಗುವ ಮೊಮ್ಮಕ್ಕಳು. 43ರ ಗಂಡಸಿನ ಹೆಣದ ಮುಂದೆ ಆ ಮುದುಕಿಯರ ಹಾಡು ನಿಂತುಹೋಗುತ್ತದೆ. "ನಾನಿರಬೇಕಾರೆ ನೀನ್ ಹೋದ್ಯಲ್ಲಪ್ಪ" ಎಂಬ ಒಂದೇ ಸಾಲು, ಅದರಾಚೆಗೆ ಮಾತು ಸಿಗುವುದಿಲ್ಲ.

ಆದರೂ ಆ ಹನ್ನೊಂದು ದಿನ ಮನೆ ನಿಂತದ್ದು ಜನರಿಂದಲೇ. ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದು ಅಂತ ಪಾಳಿ ಹಾಕಿಕೊಂಡು ಅನ್ನ ತಂದರು. ಅಣ್ಣ ನಾಟಿ ಮಾಡಬೇಕೆಂದಿದ್ದ ಗದ್ದೆಗೆ ಯಾರೋ ನೀರು ಕಟ್ಟಿದರು, ಯಾರೆಂದು ಇವತ್ತಿಗೂ ಗೊತ್ತಿಲ್ಲ. ರಾತ್ರಿ ಹೆಂಗಸರು ಅತ್ತಿಗೆಯ ಎರಡೂ ಪಕ್ಕ ಮಲಗುತ್ತಿದ್ದರು. ಹನ್ನೊಂದನೆಯ ದಿನದ ನಸುಕಿನಲ್ಲಿ ಮಾತ್ರ ಆ ಪಕ್ಕ ಮಲಗಿದ್ದವರೇ ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ನಾನು ಹೊರಗಿದ್ದೆ. ಬಳೆಯ ಸದ್ದು ಕೇಳಿಸಿತು. ಒಳಗೆ ಬಂದ ಅತ್ತಿಗೆಯ ಮುಖ ನನಗೆ ಪರಿಚಯವೇ ಇಲ್ಲದ್ದಾಗಿತ್ತು. ಬೆಳಗಾವಿ ಗಡಿಯಾಚೆ, ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ವಿಧವೆಯರ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಇನ್ನು ನಮ್ಮೂರಲ್ಲಿ ಬೇಡ ಎಂದು ಠರಾವು ಮಾಡಿತು. ಆ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿ ಮೆಚ್ಚಿದ್ದೆ. ಮೆಚ್ಚಿದವನು ಆ ನಸುಕಿನಲ್ಲಿ ಹಿತ್ತಿಲ ಬಾಗಿಲಿಗೆ ಹೋಗಿ ಬೇಡ ಎನ್ನಲಿಲ್ಲ. ಸುಮ್ಮನೆ ನಿಂತಿದ್ದೆ.

ಬಾಡೂಟವಾಯಿತು, ಶಾಮಿಯಾನ ಬಿಚ್ಚಿದರು. ಹನ್ನೆರಡನೆಯ ದಿನ ಮನೆಯಲ್ಲಿ ಉಳಿದವರು ನಾಲ್ಕು ಜನ: ದೊಡ್ಡವ್ವ, ಅತ್ತಿಗೆ, ಒಂಬತ್ತನೇ ತರಗತಿಯ ಮಗ, ನಾಲ್ಕನೇ ತರಗತಿಯ ಮಗಳು.

ಆ ಮನೆಯ ಎಲ್ಲ ನಂಟೂ ಅಣ್ಣನ ಮೂಲಕ ಹಾದು ಹೋಗುತ್ತಿತ್ತು ಎಂಬುದು ಕಾಣಿಸಿದ್ದು ಆಮೇಲೆ. ಅತ್ತೆಗೂ ಸೊಸೆಗೂ ಏನಾದರೂ ಇದ್ದರೆ ಅವನಿಗೆ ಹೇಳುತ್ತಿದ್ದರು, ಅವನು ಅರ್ಧ ನುಂಗಿ ಅರ್ಧ ದಾಟಿಸುತ್ತಿದ್ದ. ಹದಿನೈದು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡ ಇಬ್ಬರು ಹೆಂಗಸರಿಗೆ ನೇರವಾಗಿ ಮಾತಾಡಿ ಅಭ್ಯಾಸವೇ ಇರಲಿಲ್ಲ. ಈಗ ಮಾತು ಮಕ್ಕಳ ಮೂಲಕ ನಡೆಯಿತು. "ನಿಮ್ಮಜ್ಜಿಗೆ ಉಣ್ಣಕ್ಕೆ ಹೇಳು." "ನಿಮ್ಮವ್ವಂಗೆ ಹೇಳು, ನನಗೆ ಹಸಿವಿಲ್ಲ." ಮದುವೆಯ ಕರೆಯೋಲೆಗಳು ಬಂದವು. ಕವರಿನ ಮೇಲೆ ಯಾರ ಹೆಸರು ಬರೆಯಬೇಕು ಎಂಬುದು ಊರಿಗೆ ದೊಡ್ಡ ಪ್ರಶ್ನೆಯಾಗಿರಬೇಕು. ಹದಿನಾಲ್ಕು ವರ್ಷದ ಹುಡುಗನ ಹೆಸರು ಬರೆದು, ಕೆಳಗೆ ‘ಮತ್ತು ಕುಟುಂಬ’ ಎಂದು ಸೇರಿಸಿದರು. ಮೊದಲಾಗಿದ್ದರೆ ಅತ್ತಿಗೆಯನ್ನು ಹೊಸಿಲಿಗೆ ಕರೆದು, ಅರಿಶಿನ ಕುಂಕುಮ ಕೊಟ್ಟು, "ತಪ್ಪದೆ ಬರಬೇಕು ಕಣಕ್ಕ" ಅನ್ನುತ್ತಿದ್ದ ಹೆಂಗಸರು ಈಗ ಓಲೆಯನ್ನು ಜಗುಲಿಯ ಮೇಲಿಟ್ಟು, ದೊಡ್ಡವ್ವನ ಹತ್ತಿರ ಎರಡು ಮಾತಾಡಿ ಹೋಗುತ್ತಿದ್ದರು. ಕುಂಕುಮದ ಭರಣಿಯನ್ನು ಸೆರಗಿನೊಳಗೆ ಮರೆ ಮಾಡಿಕೊಂಡಿರುತ್ತಿದ್ದರು. ನೋಯಿಸಬಾರದು ಅಂತ. ಅದಕ್ಕಿಂತ ಹೆಚ್ಚಿಗೆ ನೋಯಿಸುವ ಕೆಲಸ ಇನ್ನೊಂದು ಇಲ್ಲ ಎಂದು ಅವರಿಗೆ ಹೇಳುವವರು ಯಾರು?

ಡೇರಿಯಲ್ಲಿ ಹಾಲು ಅಳೆಯುತ್ತಿದ್ದ ಗೆಳೆಯನದು ಇನ್ನೊಂದು ಥರ. ಚಡ್ಡಿ ಹಾಕಿಕೊಳ್ಳುವ ಕಾಲದಿಂದ ಅಣ್ಣನ ಜೊತೆಗಿದ್ದವನು. ತಿಥಿಯ ಮಾರನೆಯ ದಿನದಿಂದ ಆ ಮನೆಯ ಬೀದಿಗೇ ಬರಲಿಲ್ಲ. ಡೇರಿಗೆ ಹೋಗಲು ಶಾಲೆಯ ಹಿಂಭಾಗದಿಂದ ಸುತ್ತುಬಳಸಿ ಹೋಗುತ್ತಿದ್ದ. ಊರು ತನಗೆ ತಿಳಿದ ಲೆಕ್ಕ ಹಾಕಿತು: "ಕೈಸಾಲ ಇಸ್ಕೊಂಡಿದ್ದ ಅಂತ ಕಾಣ್ತದೆ, ಕೊಡಬೇಕಾಗ್ತದಲ್ಲ ಅಂತ ತಪ್ಪಿಸ್ಕತಾವ್ನೆ." ಅತ್ತಿಗೆಯೂ ಹಾಗೇ ತಿಳಿದರು.

ಕಾಗದಪತ್ರದ ಕೆಲಸಕ್ಕೆ ಮೈಸೂರಿನಿಂದ ಶನಿವಾರ ಶನಿವಾರ ನಾನು ಹೋಗುತ್ತಿದ್ದೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಮರಣ ಪ್ರಮಾಣಪತ್ರ ಬಂದ ಮೇಲೆ ವಂಶವೃಕ್ಷ, ಅದಾದ ಮೇಲೆ ಪೌತಿ ಖಾತೆ. ಅಣ್ಣನ ಟ್ರಂಕಿನಲ್ಲಿದ್ದ ಬ್ಯಾಂಕ್ ಪಾಸ್‌ಬುಕ್ಕನ್ನು ಒಂದು ರಾತ್ರಿ ಅತ್ತಿಗೆಯೂ ನಾನೂ ದೀಪದ ಕೆಳಗೆ ಹಿಡಿದು ನೋಡುತ್ತಿದ್ದೆವು. ಹಾಲಿನ ದುಡ್ಡು ಬಂದದ್ದು, ಗೊಬ್ಬರದ ದುಡ್ಡು ಹೋದದ್ದು. ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಕಡಿತ. ಅದರ ಹಿಂದಿನ ಮೇ ತಿಂಗಳಲ್ಲೂ 436. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ವರ್ಷದ ಕಂತು. ಯಾವ ಕಾರಣಕ್ಕೆ ಸತ್ತರೂ ನಾಮಿನಿಗೆ ಎರಡು ಲಕ್ಷ ಬರುತ್ತದೆ. ನಾಮಿನಿ ಅತ್ತಿಗೆ. ಅವರಿಗೆ ಗೊತ್ತೇ ಇರಲಿಲ್ಲ. ಆ ಅಂಕಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು. "ಒಂದ್ ಮಾತು ಹೇಳ್ಬಾರ್ದಿತ್ತಾ?" ಅಂದರು. ದುಡ್ಡಿನ ಬಗ್ಗೆ ಅಂದದ್ದಲ್ಲ. ಹೇಳದೆ ಬಿಟ್ಟದ್ದು ಇನ್ನೂ ಏನೇನಿದೆಯೋ ಎಂಬ ದಿಗಿಲು ಅದು. ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದವರು ಇಂಥಾದ್ದು ಇಲ್ಲಿದೆ, ಇಂಥವರಿಗೆ ಇಷ್ಟು ಕೊಡಬೇಕು ಅಂತ ಹೇಳಿ ಹೋಗುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಹೋದವನ ಸಂಸಾರವನ್ನು ಟ್ರಂಕಿನಿಂದ ಹೆಕ್ಕಿ ಹೆಕ್ಕಿ ಓದಬೇಕು.

ಅಣ್ಣ ತಾನೇ ದುಡಿದು ಕೊಂಡಿದ್ದ 30 ಗುಂಟೆ ಜಮೀನಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡಸು ಉಯಿಲು ಬರೆಯದೆ ಸತ್ತರೆ ಹೆಂಡತಿ, ಮಕ್ಕಳು, ಹೆತ್ತ ತಾಯಿ ಎಲ್ಲರೂ ಮೊದಲ ದರ್ಜೆಯ ವಾರಸುದಾರರು, ಸಮಪಾಲು. ನಾಲ್ವರಿಗೆ ತಲಾ ಏಳೂವರೆ ಗುಂಟೆ. ದೊಡ್ಡವ್ವನಿಗೆ ಇದು ತಿಳಿದಿರಲಿಲ್ಲ, ತಿಳಿಯುವ ಆಸೆಯೂ ಇರಲಿಲ್ಲ. ತಿಳಿಸಿದವರು ಭಾವ, ಅಂದರೆ ಅಣ್ಣನ ಅಕ್ಕನ ಗಂಡ.

ನಾಡಕಚೇರಿಯ ಆ ಬೆಳಗನ್ನು ನಾನು ಮರೆಯಲಾರೆ. ವಂಶವೃಕ್ಷ ಬರೆಸಲು ಎಲ್ಲರೂ ಸಾಲಾಗಿ ನಿಂತಿದ್ದೆವು. ಬಿಳಿ ಹಾಳೆಯ ಮೇಲೆ ಮೇಲುಗಡೆ ಅಣ್ಣನ ಹೆಸರು, ಪಕ್ಕದಲ್ಲಿ ಕಂಸದೊಳಗೆ ‘ಮೃತ’. ಅಲ್ಲಿಂದ ಕೆಳಕ್ಕೆ ಗೆರೆಗಳು. ಲೆಕ್ಕಿಗರು ದೊಡ್ಡವ್ವನನ್ನು ಕೇಳಿದರು, "ಮೃತರಿಗೆ ನೀವೇನಾಗಬೇಕು ಅಜ್ಜಿ?"

"ಏನೂ ಆಗಬೇಕಾಗಿಲ್ಲ ಸ್ವಾಮಿ. ನಾನು ಹೆತ್ತವಳು."

ಅವರು ಪೆನ್ನು ಕೆಳಗಿಟ್ಟು ಒಂದು ನಿಮಿಷ ಕಿಟಕಿಯಾಚೆ ನೋಡಿದರು. ಆಮೇಲೆ ‘ತಾಯಿ’ ಎಂದು ಬರೆದರು.

ಊರಿಗೆ ಬಂದು ಜಗುಲಿಯ ಮೇಲೆ ಕೂತಾಗ ಭಾವ ಮಾತು ತೆಗೆದರು. "ಅತ್ತೆಯ ಪಾಲು ಬೇರೆ ಖಾತೆ ಮಾಡಿಸಿಬಿಡೋಣ, ನಾಳೆ ಯಾರಿಗೂ ತೊಂದರೆ ಬೇಡ." ಅತ್ತಿಗೆ ಒಳಗಿನಿಂದಲೇ ಅಂದರು, "ಮಾಡಿಸ್ಕಳಿ. ಬ್ಯಾಡ ಅಂದೋರು ಯಾರು? ಇವರು ಹೋಗಿ ಎರಡು ತಿಂಗ್ಳಿಲ್ಲ." ಅಕ್ಕ ಎದ್ದು ನಿಂತಳು. ಅವಳ ಗಂಟಲು ನಡುಗುತ್ತಿತ್ತು. "ಸೋಡಾ ಕುಡಿಸ್ಕಂಡು ಕೂತ್ಕಳೋ ಬದ್ಲು ಅರ್ಧ ಗಂಟೆ ಮುಂಚೆ ಎತ್ತಾಕಂಡ್ ಹೋಗಿದ್ರೆ ನನ್ನ ತಮ್ಮ ಇರ್ತಿದ್ದ."

ಜಗುಲಿಯಲ್ಲಿ ಉಸಿರಾಡುವ ಸದ್ದೂ ಇಲ್ಲವಾಯಿತು. ದೊಡ್ಡವ್ವ ಏನಾದರೂ ಅನ್ನುತ್ತಾಳೆ ಅಂತ ಅತ್ತಿಗೆ ಬಾಗಿಲಿಗೆ ಬಂದು ಅವಳ ಮುಖ ನೋಡಿದರು. ದೊಡ್ಡವ್ವ ನೆಲ ನೋಡುತ್ತಿದ್ದಳು. ಆ ಸುಮ್ಮನಿರುವಿಕೆಯನ್ನು ಅತ್ತಿಗೆ ಒಪ್ಪಿಗೆ ಎಂದುಕೊಂಡರು. ಅಂದಿನಿಂದ ಮನೆಯಲ್ಲಿ ಎರಡು ಒಲೆ.

ಪಾಲಿನ ಜಗಳ ಅಂತ ಊರು ಹೆಸರಿಟ್ಟಿತು. ನಾನೂ ಹಾಗೇ ನಂಬಿದ್ದೆ. ಇಂಥ ಮನೆಗಳನ್ನು ನಾವು ಎಷ್ಟು ನೋಡಿಲ್ಲ? ಗಂಡ ಸತ್ತ ವರ್ಷದೊಳಗೆ ಅತ್ತೆ ಸೊಸೆ ಬೇರೆ, ಅಣ್ಣ ತಮ್ಮಂದಿರು ಕೋರ್ಟಿನಲ್ಲಿ. ಆಸ್ತಿ ಆಸೆ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆಸೆಯೂ ಇರುತ್ತದೆ, ಸುಳ್ಳಲ್ಲ. ಆದರೆ ಏಳೂವರೆ ಗುಂಟೆಯ ಹಿಂದೆ ಇನ್ನೇನೋ ಅಡಗಿ ಕೂತಿರಬಹುದು ಅಂತ ನಮಗೆ ಹೊಳೆಯುವುದಿಲ್ಲ.

ಹುಡುಗನ ಮಾತು ಹೇಳಬೇಕು. ತಿಥಿಯ ದಿನ ತಲೆ ಬೋಳಿಸಿಕೊಂಡು ಕೂತವನ ಭುಜ ತಟ್ಟಿ ಬಂದವರೆಲ್ಲ ಒಂದೇ ಮಾತು ಹೇಳಿದರು, "ಇನ್ಮೇಲೆ ಈ ಮನೆಗೆ ನೀನೇ ಗಂಡಸು, ಧೈರ್ಯವಾಗಿರಬೇಕು." ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಹದಿನಾಲ್ಕರ ಹುಡುಗನಿಗೆ ಅದರ ಅರ್ಥ ಇನ್ನು ಅಳಬಾರದು ಎಂದು. ಅವನು ಅಳಲಿಲ್ಲ. ಕಬಡ್ಡಿ ಬಿಟ್ಟ. ಬೆಳಗಿನ ಹಾಲನ್ನು ಡೇರಿಗೆ ತಾನೇ ಹೊತ್ತ. ರಾತ್ರಿ ಎರಡು ಮೂರು ಸಲ ಎದ್ದು, ಮಲಗಿದ ಅವ್ವನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಾಡುತ್ತಿದ್ದಾಳೋ ಇಲ್ಲವೋ ನೋಡುತ್ತಿದ್ದ. ಇದನ್ನು ಕಂಡದ್ದು ತಂಗಿ. ಅವಳು ನನಗೆ ಗುಟ್ಟಾಗಿ ಹೇಳಿದಳು. ಮಗುವಿನ ಭುಜದ ಮೇಲೆ ಮನೆಯ ತೊಲೆ ಇಡುವ ಆ ಮಾತನ್ನು ದಯವಿಟ್ಟು ಯಾವ ಸಾವಿನ ಮನೆಯಲ್ಲೂ ಆಡಬೇಡಿ.

ಜೂನ್ ಕೊನೆಗೆ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಟೀವಿಯಲ್ಲಿ ಒಂದರ ಹಿಂದೊಂದು ಬರತೊಡಗಿದವು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಬಂದವರ ಉದ್ದುದ್ದ ಸಾಲು. ಅತ್ತಿಗೆ ಟೀವಿ ಆರಿಸುತ್ತಿದ್ದರು, ಹುಡುಗ ಮತ್ತೆ ಹಾಕುತ್ತಿದ್ದ. ಒಂದು ದಿನ ಯಾರೋ ಡಾಕ್ಟರು ಪರದೆಯ ಮೇಲೆ, ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ಕಡೆಗಣಿಸಬೇಡಿ ಎಂದು ಹೇಳುತ್ತಿದ್ದರು. ಅತ್ತಿಗೆ ಎದ್ದು ಹೋಗಿ ಬಾಗಿಲು ಹಾಕಿಕೊಂಡವರು ಮಾರನೆಯ ದಿನ ಮಧ್ಯಾಹ್ನದವರೆಗೆ ತೆಗೆಯಲಿಲ್ಲ.

ಆಗ ಬಂದವಳು ಊರಿನ ಆಶಾ ಕಾರ್ಯಕರ್ತೆ. ಆರು ತಿಂಗಳಾದರೂ ಊಟ ನಿದ್ದೆ ಹತ್ತದೆ, ಒಂದೇ ಯೋಚನೆಯಲ್ಲಿ ಮನಸ್ಸು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದರೆ ಅದಕ್ಕೂ ಔಷಧ, ಆರೈಕೆ ಇದೆ ಎಂದಳು. ಅವಳು ಹೇಳಿದ್ದು ಸರಿಯೇ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ, ಆರು ತಿಂಗಳಿಗೂ ಮೀರಿ ಬದುಕನ್ನೇ ಹಿಡಿದು ನಿಲ್ಲಿಸುವ ಶೋಕಕ್ಕೆ ಅದರಲ್ಲಿ ಒಂದು ಜಾಗ ಕೊಟ್ಟರು. ಅದೇ ವರ್ಷದ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು, ಅದರ ಹಿಂದಿರುವ ಮುಖ್ಯ ಸಂಸ್ಥೆ ನಮ್ಮ ನಿಮ್ಹಾನ್ಸ್. ಆಶಾ ಕಾರ್ಯಕರ್ತೆ ಕ್ಯಾಲೆಂಡರಿನ ಅಂಚಿನಲ್ಲಿ 14416 ಎಂದು ಬರೆದು ಹೋದಳು. ಅತ್ತಿಗೆ ಮೊದಲ ಸಲ ಫೋನು ಮಾಡಿ, ಆ ಕಡೆಯಿಂದ ಕನ್ನಡದಲ್ಲಿ ಹಲೋ ಅಂದ ಕೂಡಲೇ ಇಟ್ಟುಬಿಟ್ಟರು. ವಾರದ ಮೇಲೆ ಮತ್ತೆ ಮಾಡಿದರು. ಮೊದಲು ಹೇಳಿದ್ದು ಸೋಡಾ ವಿಷಯ. ಆ ಕಡೆಯ ಹೆಣ್ಣುಮಗಳು ತಪ್ಪು ನಿಮ್ಮದಲ್ಲ ಅಂತ ಅವಸರದಲ್ಲಿ ಹೇಳಲಿಲ್ಲವಂತೆ. ಪೂರ್ತಿ ಕೇಳಿದಳಂತೆ. "ಇದನ್ನ ಮನೇಲಿ ಯಾರ ಹತ್ರ ಆದರೂ ಮಾತಾಡಿದೀರಾ?" ಅಂದಳಂತೆ.

ಮಾರನೆಯ ಬೆಳಿಗ್ಗೆ ಕೊಟ್ಟಿಗೆಯಲ್ಲಿ ನಡೆದದ್ದನ್ನು ಅತ್ತಿಗೆಯೇ ನನಗೆ ಹೇಳಿದರು. ದೊಡ್ಡವ್ವ ಸಗಣಿ ಬಾಚುತ್ತಿದ್ದಳು. ಅತ್ತಿಗೆ ನಾಟಿ ಹಸುವಿನ ಮಗ್ಗುಲಲ್ಲಿ ಕೂತಿದ್ದವರು ತಲೆಯೆತ್ತದೆ ಅಂದರು, "ಅತ್ತೆ, ಸೋಡಾ ಕೊಟ್ಟೋಳು ನಾನು. ನಾನೇ ಸಾಯ್ಸುದ್ನಾ?"

ಬಾಚುವ ಸದ್ದು ನಿಂತಿತು.

"ಮನೀಕೊ ಅಂದೋಳು ನಾನಲ್ವೇನವ್ವ?" ಅಂದಳು ದೊಡ್ಡವ್ವ. "ಎದ್ದು ಕುಂತಿದ್ದೋನ್ನ ಮನಗ್ಸಿ ಹೊದಿಸ್ದೋಳು ನಾನು. ಅವತ್ತು ಅವ್ಳು ಜಗಲೀಲಿ ನಿನ್ನ ಅಂತಿದ್ರೆ ನಾನು ಯಾವ್ ಬಾಯಲ್ಲಿ ಮಾತಾಡ್ಲಿ? ಎಲ್ಲಿ ನನ್ ಮಾತೂ ಹೊರಗೆ ಬತ್ತದೋ ಅಂತ ನೆಲ ನೋಡ್ಕಂಡ್ ಕುಂತಿದ್ದೆ."

ದೊಡ್ಡವ್ವ ಅತ್ತದ್ದು ಆಗಲೇ, ಆರು ತಿಂಗಳ ಮೇಲೆ, ಸಗಣಿ ಕೈಯಲ್ಲೇ ಕಣ್ಣೊರೆಸಿಕೊಂಡು. ಅಂದಿನಿಂದ ಮಾತು ಸಲೀಸಾಯಿತು ಎಂದೇನಲ್ಲ. ಆದರೆ ಒಂದು ಒಲೆ ಆರಿತು. ಎರಡು ದಿನ ಬಿಟ್ಟು ಅತ್ತೆ ಸೊಸೆ ಇಬ್ಬರೂ ಡೇರಿಗೆ ಹೋಗಿ ಆ ಗೆಳೆಯನ ಮುಂದೆ ನಿಂತರು. ಅವನು ಬಿಳಿಚಿಕೊಂಡು, ಕೇಳದೆಯೇ ಹೇಳಿದನಂತೆ: ಸಾಯುವ ಹಿಂದಿನ ಸಂಜೆ ಅಣ್ಣ ಎಡಗೈ ಜೋಮು ಹಿಡಿದಿದೆ ಅಂದಿದ್ದ. ಇವನು ನಕ್ಕು, "ಕ್ಯಾನು ಎತ್ತಿ ಎತ್ತಿ ಹಂಗಾಗದೆ ಬುಡು" ಅಂದಿದ್ದ. ಆ ಮನೆಯ ಬೀದಿಗೆ ಕಾಲಿಡಲು ಅದೇ ಅಡ್ಡ ಬಂದಿತ್ತು, ಸಾಲವಲ್ಲ. ಸಾಲ ಇದ್ದದ್ದೇ ಇಲ್ಲ.

ಗೌರಿಹಬ್ಬ ಆಗಸ್ಟ್ 26ಕ್ಕೆ ಬಂತು. ನಮ್ಮ ಕಡೆ ಗೌರಿಹಬ್ಬವೆಂದರೆ ತವರಿನ ಹಬ್ಬ. ಅಣ್ಣತಮ್ಮಂದಿರು ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮದ ದುಡ್ಡು ತಲುಪಿಸಲೇಬೇಕು. ಅಣ್ಣ ಒಂದು ವರ್ಷವೂ ತಪ್ಪಿಸಿರಲಿಲ್ಲ. ವರ್ಷ ತುಂಬದ ಮನೆಯಿಂದ ಹಬ್ಬದ ದುಡ್ಡು ಹೋಗಬಾರದು ಅಂತ ಊರಿನ ಕೆಲವರು ಅಂದರು. ಅತ್ತಿಗೆ ಕೇಳಲಿಲ್ಲ. ಹಾಲಿನ ಬಟವಾಡೆಯಲ್ಲಿ ಐನೂರರ ಎರಡು ನೋಟು ಎತ್ತಿಟ್ಟು, ಅಣ್ಣ ಇಡುತ್ತಿದ್ದ ಹಾಗೇ ವೀಳ್ಯದೆಲೆಯಲ್ಲಿ ಸುತ್ತಿ, ಮಗನನ್ನು ಬಸ್ಸು ಹತ್ತಿಸಿದರು. ಜಗುಲಿಯ ಆ ಮಾತಿನ ಮೇಲೆ ಅಕ್ಕ ಈ ಮನೆಗೆ ಕಾಲಿಟ್ಟಿರಲಿಲ್ಲ.

ಸಂಜೆ ಹುಡುಗ ಒಬ್ಬನೇ ಬರಲಿಲ್ಲ. ಅವನ ಹಿಂದೆ ಅಕ್ಕ, ಉಟ್ಟ ಸೀರೆಯಲ್ಲೇ. ಹೊಸಿಲ ಹೊರಗೆ ನಿಂತಳು, ಒಳಗೆ ಬರಲಿಲ್ಲ. "ಸಂಕ್ರಾಂತಿಗೆ ಎಳ್ಳು, ಕಬ್ಬು ತಕಂಡು ಬಂದಿದ್ದ ಕಣೆ" ಅಂದಳು. "ಸರ ಅಡ ಇಟ್ಟಿದ್ದಕ್ಕೆ ಮುನಿಸ್ಕಂಡಿದ್ದೆ. ಮಟಮಟ ಮಧ್ಯಾಹ್ನ. ಬಾಯಿಮಾತಿಗೂ ಉಣ್ಣು ಅನ್ನಲಿಲ್ಲ. ನೀರು ಕುಡ್ಕಂಡು ಹೋದ."

ಅತ್ತಿಗೆ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡರು. ತಟ್ಟೆ ಹಾಕಿದರು. "ಮೊದ್ಲು ನೀನ್ ಉಣ್ಣಕ್ಕ" ಅಂದರು.

ಆ ರಾತ್ರಿ ನಾನು ಅಲ್ಲೇ ಉಳಿದೆ. ಏಳು ತಿಂಗಳು ನನ್ನೊಳಗೂ ಒಂದು ಇತ್ತು. ಅಂದು ಬೆಳಗಿನ ಐದೂ ಇಪ್ಪತ್ತಕ್ಕೆ ಅಣ್ಣನ ನಂಬರಿನಿಂದ ನನ್ನ ಮೊಬೈಲಿಗೆ ಒಂದು ಮಿಸ್ಡ್ ಕಾಲ್. ಸೈಲೆಂಟಿನಲ್ಲಿಟ್ಟು ಮಲಗಿದ್ದೆ. ಆ ಕಾಲನ್ನು ನಾನು ಅಳಿಸಿರಲಿಲ್ಲ. ಯಾರಿಗೂ ತೋರಿಸಿಯೂ ಇರಲಿಲ್ಲ. ಕಾಗದಪತ್ರಕ್ಕೆಂದು ಶನಿವಾರ ಶನಿವಾರ ಓಡಿ ಬರುತ್ತಿದ್ದದ್ದು ಅಣ್ಣನ ಮೇಲಿನ ಪ್ರೀತಿಗೆ ಎಂದು ಊರವರು ಹೊಗಳುವಾಗ ನನಗೆ ಮೈ ಉರಿಯುತ್ತಿತ್ತು. ಕೊನೆಯ ಹೊತ್ತಿನಲ್ಲಿ ಅವನು ನನ್ನನ್ನು ಕರೆದಿದ್ದ, ನಾನು ಓಗೊಡಲಿಲ್ಲ.

ಬೆಳಿಗ್ಗೆ ಐದಕ್ಕೆ ಅತ್ತಿಗೆಯ ಹಿಂದೆ ಕೊಟ್ಟಿಗೆಗೆ ಹೋದೆ. ಮೊಬೈಲು ತೆಗೆದು ತೋರಿಸಿದೆ. ಅವರು ಹತ್ತಿರಕ್ಕೆ ಹಿಡಿದು ನೋಡಿದರು.

"ಇದು ಅವರಲ್ಲ ಕಣಪ್ಪ. ನಾನು ಮಾಡಿದ್ದು. ನಿನಗೆ ಗೊತ್ತಿರೋ ಡಾಕ್ಟ್ರಿದ್ದಾರಲ್ಲ ಮೈಸೂರ್ನಾಗೆ, ಕೇಳವ ಅಂತ. ನೀನ್ ಎತ್ತಲಿಲ್ಲ ಅಂತ ನಾಕ್ ದಿನ ಸಿಟ್ಟಿತ್ತು."

"ಆಮೇಲೆ?"

"ಆಮೇಲೆ ಮರ್ತೆ."

ಏನು ಹೇಳಬೇಕೆಂದು ತಿಳಿಯಲಿಲ್ಲ. ಏಳು ತಿಂಗಳು ಅವನದೆಂದು ಎದೆಯೊಳಗೆ ಇಟ್ಟುಕೊಂಡಿದ್ದ ಕೊನೆಯ ಕೂಗು ಅವನದಲ್ಲ ಎಂದು ಕೇಳಿ ಹಗುರವಾಯಿತೋ, ಅವನು ಇನ್ನೊಂದು ಸಲ ಹೋದ ಹಾಗಾಯಿತೋ ಇವತ್ತಿಗೂ ಬಗೆಹರಿದಿಲ್ಲ. ಅತ್ತಿಗೆ ಮೊಳೆಯಿಂದ ಅಣ್ಣನ ಅಂಗಿ ತೆಗೆದು ಸೀರೆಯ ಮೇಲೆ ತೊಟ್ಟರು. ಕಾಲರು ಹರಿದು ನೂಲು ನೇತಾಡುತ್ತಿತ್ತು. ಚೊಂಬನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಕೂತು, "ಆ ಕ್ಯಾನು ಈ ಕಡೆ ತಗಂಬಾ, ಡೇರಿ ತೆಗೆಯೋ ಹೊತ್ತಾಯ್ತು" ಅಂದರು. ನಾನು ಕ್ಯಾನು ತಂದಿಟ್ಟೆ.